ಹುಳುಮನೆಯ ಚಪ್ಪಲಿ

ಅತ್ತಿಗೆಯ ಹೆಣ ಇನ್ನೂ ನಡುಮನೆಯಲ್ಲಿರುವಾಗಲೇ ಮೈದುನ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಬಂದ. ಚಿಕ್ಕಂದಿನಲ್ಲೇ ಎಡಗಾಲಿನ ಕಿರುಬೆರಳು ಕಳೆದುಕೊಂಡವನು, ಭಾರ ಹೊತ್ತರೆ ಸ್ವಲ್ಪ ವಾಲುತ್ತಿದ್ದ. ಅವಳು ಸಾಕಿದ್ದ ರೇಷ್ಮೆಹುಳುಗಳಿಗೆ ಸಾವುಗೀವು ಏನು ಗೊತ್ತು? ಕೊನೆಯ ಸಲ ಪೊರೆ ಬಿಟ್ಟು ಹಸಿದು ಕೂತಿದ್ದವು. ಯಾರೂ ಹೇಳದೆಯೇ ಅವನು ಸೊಪ್ಪಿಗೆ ಹೋಗಿದ್ದ.

ಜಗಲಿಯಲ್ಲಿ ಕೂತಿದ್ದ ಟೈಲರ್ ಲೊಚಗುಟ್ಟಿದ. "ಪಾಪ, ಸುಣ್ಣದಮ್ಮ! ಕೈ ತೊಳೀದೆ ನೊಣಾನೂ ಒಳಗೆ ಬಿಡ್ತಿರ್ಲಿಲ್ಲ."

"ಆ ಹೆಸರಿಟ್ಟ ಪುಣ್ಯಾತ್ಮ ಯಾರೋ!" ಎಂದ ಪಕ್ಕದಲ್ಲಿದ್ದವನೊಬ್ಬ.

"ಇನ್ಯಾರು? ಹೊರೆ ಹೊತ್ಕೊಂಡು ಹೋಗ್ತಿದ್ದಾನಲ್ಲ, ಇವನೇ."

ಮೈದುನನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸದ್ಯ, ಸೊಪ್ಪಿನ ಮರೆಯಲ್ಲಿ ಮುಖ ಕಾಣುತ್ತಿರಲಿಲ್ಲ.

*

ಹಿಂದೊಮ್ಮೆ ರೇಷ್ಮೆ ಸಾಕಣೆಯ ತರಬೇತಿಗೆ ಹೋಗಿಬಂದ ಅತ್ತಿಗೆ, ವಾಸದ ಮನೆಯಲ್ಲಿದ್ದ ಹುಳುಗಳನ್ನು ಹಿತ್ತಲಿನ ಬೇರೆ ಕೋಣೆಗೆ ಸಾಗಿಸಿದ್ದಳು. ಬಾಗಿಲಲ್ಲಿ ಮದ್ದು ಬೆರೆಸಿದ ನೀರು, ಒಳಗೆ ಮಾತ್ರ ಮೆಟ್ಟುವ ಚಪ್ಪಲಿ, ನೆಲಕ್ಕೆಲ್ಲ ಸುಣ್ಣದ ಪುಡಿ.

"ನಮ್ಮ ಸುಣ್ಣದಮ್ಮ ಹುಳಾನ ಆಸ್ಪತ್ರೆಗೆ ಸೇರಿಸಿದ್ದಾಳೆ ಕಣ್ರೋ!" ಎಂದು ಅವನು ಊರನ್ನೆಲ್ಲ ನಗಿಸಿದ್ದ.

ಅದೇ ಬೆಳೆಯಲ್ಲಿ, ಅವನು ತನ್ನ ಮನೆಯಲ್ಲಿ ಬೇರೆಯಾಗಿ ಸಾಕಿದ್ದ ಹುಳುಗಳಿಗೆ ರೋಗ ತಗುಲಿತು. ಹಾಲಿನಂಥ ನೀರು ಸುರಿಸಿ ಸಾಯತೊಡಗಿದವು. ಸತ್ತವನ್ನು ಆರಿಸಿ ಎಸೆದ ಕೈಯಲ್ಲೇ, ಅತ್ತಿಗೆ ಇಲ್ಲದ ಹೊತ್ತು ನೋಡಿ, ಅವಳ ಹುಳುಮನೆಗೆ ಬರಿಗಾಲಲ್ಲಿ ನುಗ್ಗಿದ. ದಪ್ಪಗೆ ಬೆಳೆದ ಹುಳುಗಳನ್ನು ಮುಟ್ಟಿ ಮುಟ್ಟಿ ನೋಡಿದ. ಹೊಟ್ಟೆ ಉರಿಯಿತು.

ಕೆಲವೇ ದಿನಗಳಲ್ಲಿ ಅವಳ ತಟ್ಟೆಗಳಲ್ಲೂ ಹಾಲು ಸುರಿಯಿತು. ಹೊಸ ಪದ್ಧತಿಯ ಹಣೆಬರಹ ಇಷ್ಟೇ ಎಂದು ಊರು ಮೂಗು ಮುರಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಸತ್ತ ಹುಳುಗಳನ್ನು ಒಬ್ಬಳೇ ಗುಂಡಿಗೆ ಸುರಿಯುತ್ತ ಅತ್ತಿಗೆ ಕೇಳಿದ್ದಳು, "ನಿನ್ನ ಹುಳ ಹೇಗಿವೆಯಪ್ಪಾ?"

"ಚೆನ್ನಾಗಿವೆ ಅತ್ತಿಗೆ," ಅಂದಿದ್ದ.

ಅವಳು ಮತ್ತೇನೂ ಕೇಳಲಿಲ್ಲ. ಬಚಾವಾದೆ ಅಂದುಕೊಂಡಿದ್ದ, ಇವತ್ತಿನವರೆಗೂ.

*

ಹುಳುಮನೆಯ ಬಾಗಿಲಲ್ಲಿ ಅತ್ತಿಗೆಯ ಮಗಳು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಕೈ ತೊಳ್ಕೊಳ್ಳಿ ಚಿಕ್ಕಪ್ಪಾ," ಎಂದು ಗೋಡೆಯ ಗೂಡಿನಿಂದ ಒಂದು ಜೊತೆ ದೊಡ್ಡ ಚಪ್ಪಲಿ ತೆಗೆದು ಧೂಳು ಒರೆಸಿದಳು. "ಇದು ನಿಮ್ಮದು."

"ನಂದಾ?"

"ಆವತ್ತು ಹುಳ ಸತ್ತವಲ್ಲ, ಅದಕ್ಕೆ ಮುಂಚೆ ಸುಣ್ಣದ ಪುಡೀಲಿ ಬರಿಗಾಲಿನ ಗುರುತಿತ್ತು. ಎಡಗಾಲಿಗೆ ನಾಲ್ಕೇ ಬೆರಳು. ಅಮ್ಮ ಕಡ್ಡಿ ಇಟ್ಟು ಅಳತೆ ತಗೊಂಡಳು. 'ಇನ್ನೊಂದ್ಸಲ ಬಂದ್ರೆ ಹಾಕ್ಕೊಳ್ಳಲಿ' ಅಂತ ತಂದಿಟ್ಟಳು. ನೀವು ಬರ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅವನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ಹೆಣ ಎತ್ತೋ ಹೊತ್ತಾಯ್ತು, ಬನ್ರಪ್ಪಾ," ಎಂದು ಅಂಗಳದಿಂದ ಯಾರೋ ಕೂಗಿದರು.

"ಒಂದು ಸಲ ಸೊಪ್ಪು ಹಾಕಿ ಬರ್ತೀವಿ," ಎಂದು ಮಗಳು ಅವನ ಹೊರೆ ಇಳಿಸಿಕೊಂಡು ಬಿಚ್ಚಿದಳು.

ಅವನು ಬಗ್ಗಿ ಕೈ ತೊಳೆದ. ಮತ್ತೆ ತೊಳೆದ. ಆಮೇಲೆ ಚಪ್ಪಲಿಯಲ್ಲಿ ಕಾಲಿಟ್ಟ. ಸರಿಯಾಗಿ ಹಿಡಿಸಿತು.