ಲಗ್ನವಾಗದ ಬೇವು

ರಾಯಚೂರಿನ ಬೀದಿಯಲ್ಲಿ ಯಮನಮ್ಮ ಎಂದೂ ನೆಟ್ಟಗೆ ನಡೆದವಳಲ್ಲ. ಹುಣಸೆಯ ನೆರಳಿನಿಂದ ಗೋಡೆಯ ನೆರಳಿಗೆ, ಗೋಡೆಯಿಂದ ನಿಂತ ಬಂಡಿಯ ನೆರಳಿಗೆ ವಾಲಿ ವಾಲಿ ಹೋಗುವ ಅವಳನ್ನು ಕಂಡು ಹೊಸಬರು ಹೆಂಡ ಕುಡಿದಿದ್ದಾಳೆಂದೇ ತಿಳಿಯುತ್ತಿದ್ದರು. ಗಂಡ ಸತ್ತ ಮೇಲೆ ದೇವದುರ್ಗದಿಂದ ಬಂದವಳು. ಹತ್ತಿ ಕಾರ್ಖಾನೆಗೆ ಹೋಗುವ ಹೆಂಗಸರ ಕೂಸುಗಳನ್ನು, ತನ್ನ ಓಣಿಯ ಹಿಂದಿನ ಬಯಲಿನ ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ತೂಗುವುದೇ ಅವಳ ಬದುಕು. ಆ ಓಣಿಗೆ ಹಸಿರೆಂದು ಉಳಿದದ್ದು ಅದೊಂದೇ. ಸಾಹೇಬರ ಬಂಗಲೆಗಳ ಕಡೆ ಮಾತ್ರ ಬಾಗ್ ಎಂಬ ತಂತಿಬೇಲಿಯ ಹೊಸ ಹೂದೋಟ ಎದ್ದು, ಭಿಸ್ತಿ ದಿನವೂ ಹುಲ್ಲಿಗೆ ನೀರು ಹೊಯ್ಯುತ್ತಿದ್ದ.

ಯುದ್ಧದ ವರ್ಷಗಳು, ಹತ್ತಿ ಒಟ್ಟಲು ಕಾರ್ಖಾನೆಗೆ ಬಯಲು ಬೇಕಾಯಿತು. ಅಳೆಯಲು ಬಂದ ಖಾಸಿಂ ಸಾಬ್ ಜೋಲಿಗಳನ್ನು ನೋಡಿ ಮೆತ್ತಗೆ ಹೇಳಿದ: “ಯವ್ವಾ, ಬಾಜೂಕ ಅರಳಿ ಸಸಿ ಅದ ನೋಡು. ಎರಡಕ್ಕೂ ಲಗ್ನ ಮಾಡಿಬಿಡು. ದೇವರ ಗಿಡಕ್ಕ ಯಾರೂ ಕೊಡ್ಲಿ ಹಚ್ಚಂಗಿಲ್ಲ.”

ಅವಳು ಅರಿಸಿನದ ದಾರ ಹೊಸೆದಳು, ತಾಳಿಯ ಬೊಟ್ಟು ತಂದಳು. ದಿನ ಮಾತ್ರ ಕೂಡಲಿಲ್ಲ. ಜೋಲಿಯಲ್ಲಿ ಹಸುಗೂಸನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ ಮುನವ್ವರ್ ಬೀ ಕೆಣಕಿದಳು: “ಏನ್ ಬೇ, ಗಿಡಕ್ಕೂ ಪಂಚಾಂಗ ಓದಸ್ತೀಯೇನ? ಇವತ್ತ ಮಾಡಿ ಕೈ ತೊಳಕೋ.”

“ಪುಷ್ಯಮಾಸ ಬೇ ಇದು. ಹೊಟ್ಟಿ ಮಕ್ಕಳದ್ದೇ ಮಾಡಂಗಿಲ್ಲ, ಇದರದು ಮಾಡ್ಲ್ಯಾ? ಅಶುಭ ಬಡದ್ರ ನಿನ್ನ ಕೂಸಿಗೇ ಬಡೀತದ. ಮಾಸ ತೀರಲಿ.”

ಮಾಸ ತೀರುವ ಮೊದಲೇ ಕೊಡಲಿ ಬಂತು. ಅವಳು ಅಳಲಿಲ್ಲ, ಅಡ್ಡ ಬೀಳಲಿಲ್ಲ. ಕೂಸುಗಳ ನಿದ್ದೆ ಕೆಡದಂತೆ ಒಂದೊಂದೇ ಜೋಲಿ ಬಿಚ್ಚಿದಳು. ಮರುದಿನ ಮುನವ್ವರ್ ಬೀಯ ಕೂಸನ್ನು ಬಗಲಲ್ಲಿಟ್ಟುಕೊಂಡು ಬಾಗ್‌ಗೆ ಹೋದರೆ ಕಾವಲಿನ ಗಡಿಗೆಪ್ಪ ಕೋಲು ಅಡ್ಡ ಹಿಡಿದ.

“ಇದು ಸಾಹೇಬರು ಹವಾ ತಿನ್ನೋ ಜಾಗ.”

“ನಮ್ಮವು ಮಣ್ಣು ತಿಂದು ಬೆಳದಾವಪಾ. ಒಂದೀಟು ಹವಾ ತಿಂದ್ರ ಸಾಹೇಬರಿಗೆ ಕಡಿಮಿ ಬೀಳತದೇನು?”

ಗಡಿಗೆಪ್ಪ ನಕ್ಕ, ಕೋಲು ಮಾತ್ರ ತೆಗೆಯಲಿಲ್ಲ.

ಜೋಲಿ ಕಟ್ಟಲು ಬೇರೆ ನೆರಳಿಲ್ಲದೆ ಅಂದಿನಿಂದ ಕೂಸು ಕಾರ್ಖಾನೆಯ ಒಳಗೆ, ಹತ್ತಿಯ ಧೂಳಿನಲ್ಲಿ, ತಾಯಿಯ ಕಾಲ ಬಳಿ ಮಲಗಿತು. ಕೆಮ್ಮು ಹಿಡಿಯಿತು. ಬಿಸಿಲೇರಿ ಯುಗಾದಿ ದಾಟಿದ ಬೆನ್ನಿಗೇ ತೀರಿಕೊಂಡಿತು. ಮುನವ್ವರ್ ಬೀ ಯಮನಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳನ್ನು ಒಳಗೊಳಗೆ ತಿಂದಿತು. ಓಣಿ ಬಿಟ್ಟು ಮಾನ್ವಿಯಲ್ಲಿದ್ದ ತಂಗಿಯ ಮನೆಗೆ ಬಂಡಿ ಹತ್ತುವಾಗ ಯಮನಮ್ಮ ಅಂದದ್ದು ಇಷ್ಟೇ: “ಮಾಸ ನೋಡಿದೆ, ಕೂಸಿನ ಮಾರಿ ನೋಡಲಿಲ್ಲ.”

ಇಂಥವರು ಊರೂರಿಗೂ ಇರುತ್ತಾರೆ. ಯಾವ ನೆಲ ಹೂದೋಟಕ್ಕೆ, ಯಾವ ನೆಲ ಹತ್ತಿಗೆ ಎಂದು ಊರನ್ನು ಹಂಚುವಾಗ ಅವರನ್ನು ಯಾರೂ ಕರೆದು ಕೇಳುವುದಿಲ್ಲ. ಕಡಿದವರು ಕೈ ತೊಳೆದು ಉಂಡು ಮಲಗಿದ ಮೇಲೆ, ಕಡಿದ ಪಾಪವನ್ನು ಮಾತ್ರ ತಮ್ಮದೆಂದೇ ನಂಬಿ ಸಾಯುತ್ತಾರೆ.