ಕರಿ ಕಾರಿನ ಮೇಲಿನ ವಿಭೂತಿ

ಪ್ರತಿ ಅಮಾವಾಸ್ಯೆಯ ಮರುದಿನ ಬೈಲಹೊಂಗಲದ ಹತ್ತಿ ವ್ಯಾಪಾರಿ ನಿಜಗುಣಪ್ಪನವರ ಕರಿ ಕಾರನ್ನು ನಾನು ಮಾತಿಲ್ಲದೆ ಒರೆಸುತ್ತಿದ್ದೆ. ಪೂಜೆಯಲ್ಲಿ ಬಾನೆಟ್ಟಿಗೆ ಬಳಿದ ವಿಭೂತಿಯನ್ನು ತೊಳೆದರೆ ಅದು ಕಾಲಡಿ ಹರಿಯುತ್ತದೆಂದು ಅವರ ಹೆಂಡತಿ ಸಾವಿತ್ರೆವ್ವ ಒಣ ಬಟ್ಟೆಯನ್ನೇ ಕೊಡುತ್ತಿದ್ದರು. ಬಟ್ಟೆಯಡಿ ಬೂದಿ ಕರಕರ ಎನ್ನುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

ಇವತ್ತು ನಾನು ಒರೆಸಲು ತೊಡಗುವಷ್ಟರಲ್ಲಿ ನಿಜಗುಣಪ್ಪನವರು ಬಂದು ಬಗ್ಗಿ ನೋಡಿದರು. ಬಿಸಿಲಿಗೆ ಬಾನೆಟ್ಟಿನ ತುಂಬ ಕೂದಲೆಳೆಯಂಥ ಗೀರುಗಳು ಕಂಡವು.

"ಏನ ರೇಣು, ಕಾರ್ ಒರಸ್ತಿಯೋ, ಎಮ್ಮಿ ಮೈ ತಿಕ್ಕತಿಯೋ? ನಾಳಿಂದ ಕೆಲಸಕ್ಕ ಬರಬ್ಯಾಡ."

ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಬಟ್ಟೆಯನ್ನು ಕಟ್ಟೆಯ ಮೇಲಿಟ್ಟೆ.

"ಎಮ್ಮಿನೂ ನೀರ್ ಹಾಕೇ ತಿಕ್ಕತಾರ್ರೀ ಸಾವ್ಕಾರ್ರ. ಒಣಾ ಬೂದಿ ಮ್ಯಾಲ ಬಟ್ಟಿ ಆಡಿಸಿದ್ರ ಗೀರು ಬೀಳ್ತಾವ. ತಪ್ಪು ನಂದಲ್ಲ."

"ಹಂಗಾರ ವಿಭೂತಿ ಕಾಲಾಗ ತುಳಿಸ್ತಿ ಏನ?" ಸಾವಿತ್ರೆವ್ವ ಬಾಗಿಲಿನಿಂದ ಗದರಿದರು.

"ಕೆಳಗ ಬೋಗಾಣಿ ಹಿಡಿತೇನ್ರಿ. ಆ ನೀರು ಬಿಲ್ವಪತ್ರಿ ಗಿಡಕ್ಕ ಹಾಕತೇನಿ. ಒಣಾ ಮಾತ್ರ ಒರಸೂದಿಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕಾರಿನ ಪಕ್ಕದಿಂದ ಕದಲಲಿಲ್ಲ.

"ಅವ್ವಾರ, ಒಂದು ಕೊಡ ನೀರು ಕೊಡ್ರಿ," ಎಂದೆ.

ಸಾವಿತ್ರೆವ್ವ ಒಳಗೆ ಹೋಗಿ ತುಂಬಿದ ಕೊಡ ತಂದು ನನ್ನ ಮುಂದಿಟ್ಟರು.