ಸಬೀನಾಳ ಅಂಚು

ಸೋಮವಾರ ಬೆಳಗ್ಗೆ ಏಳನೆಯ ಖಾನೆಯನ್ನು ಎಳೆದಾಗ ರಾಣಿ ಸಬೀನಾಳ ಭುಜದ ಪಕ್ಕ, ಅವಳ ಮುಖವಿರುವ ಹಳೆಯ ನಾಣ್ಯದ ಅಂಚಿನಲ್ಲಿ, ಹಸಿರು ಪುಡಿ ಕಂಡಿತು. ಬಣ್ಣದ ಪೆನ್ಸಿಲಿನ ಚೂರು ಉದುರಿರಬೇಕು ಅಂದುಕೊಂಡು ಊದಿದೆ. ಪುಡಿ ಹಾರಿತು. ಅದರ ಕೆಳಗೆ ಇನ್ನಷ್ಟು ಪುಡಿ ಕಚ್ಚಿಕೊಂಡು ಕೂತಿತ್ತು.

ಪಕ್ಕದ ಕೋಣೆಯಲ್ಲಿ ಅತ್ತೆ ರೇಡಿಯೋ ಕೇಳುತ್ತಿದ್ದರು. ಖಾನೆಯನ್ನು ಸದ್ದಾಗದಂತೆ ಒಳಕ್ಕೆ ತಳ್ಳಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಆ ವರ್ಷಗಳುದ್ದಕ್ಕೂ ಒಂದೊಂದಾಗಿ ರೋಮಿನ ಹಳೆಯ ಕಂಚಿನ ನಾಣ್ಯಗಳನ್ನು ಕೂಡಿಸಿದರು. ಅದರಲ್ಲೂ ಒಂದು ಮಗ್ಗುಲಲ್ಲಿ ರಾಣಿಯ ಮುಖ, ಇನ್ನೊಂದು ಮಗ್ಗುಲಲ್ಲಿ ದೇವತೆ ಇರುವಂಥವು ಮಾತ್ರ. ಚಕ್ರವರ್ತಿಗಳನ್ನು ಮನೆಯೊಳಗೆ ಸೇರಿಸುವುದಿಲ್ಲ. "ಆ ಗಂಡಸರನ್ನ ಕೂಡಿಸೋಕೆ ಜನ ಬೇಕಾದಷ್ಟಿದ್ದಾರೆ ಬಿಡು" ಅನ್ನುತ್ತಾರೆ. ಎದೆಯೆತ್ತರದ ಮರದ ಕಪಾಟಿನಲ್ಲಿ ಹನ್ನೆರಡು ತೆಳುವಾದ ಖಾನೆಗಳು. ಪ್ರತಿ ಖಾನೆಯಲ್ಲೂ ದುಂಡನೆಯ ಗುಳಿಗಳು, ಗುಳಿಗೊಬ್ಬಳು ರಾಣಿ. ಒಟ್ಟು ನೂರ ನಲವತ್ತು ಮಂದಿ.

ಇತಿಹಾಸದಲ್ಲಿ ಪದವಿ ಮುಗಿಸಿ ಒಂದೂವರೆ ವರ್ಷದಿಂದ ನಾನು ಮನೆಯಲ್ಲೇ ಇದ್ದೆ. ಸಂದರ್ಶನಕ್ಕೆ ಹೋದರೆ ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಅತ್ತೆಗೆ ಕಣ್ಣಿನ ಪೊರೆ ಬಂದು, ನಾಣ್ಯಗಳ ಪಟ್ಟಿ ಮಾಡಲು ಯಾರಾದರೂ ಬೇಕು ಎಂದಾಗ ಅಮ್ಮ ನನ್ನನ್ನು ಹೆಚ್ಚುಕಡಿಮೆ ದಬ್ಬಿಯೇ ಕಳಿಸಿದಳು.

"ಹೋಗು, ಅಲ್ಲಾದ್ರೂ ಒಂದು ಮಾತಾಡು. ನಾಣ್ಯದ ಮೇಲಿರೋರು ನಿನ್ನನ್ನ ತಿರುಗಿ ಪ್ರಶ್ನೆ ಕೇಳಲ್ಲ."

ನಾಲ್ಕು ತಿಂಗಳಾಗಿತ್ತು. ಫೋಟೋ ತೆಗೆಯುವುದು, ತೂಗುವುದು, ಕೂದಲ ಕಟ್ಟಿನಿಂದ ಹಿಡಿದು ದೇವತೆಯ ಕೈಯಲ್ಲಿರುವ ಬಟ್ಟಲಿನವರೆಗೆ ಎಲ್ಲವನ್ನೂ ಬರೆಯುವುದು. ಬದುಕಿನಲ್ಲಿ ಮೊದಲ ಸಲ ನನಗೆ ಒಂದು ಕೆಲಸ ಬರುತ್ತದೆ ಅನ್ನಿಸಿತ್ತು. ಹೋದ ತಿಂಗಳು ಅತ್ತೆ ಮಾತಿನ ನಡುವೆ, ತರಕಾರಿ ಹೆಚ್ಚುತ್ತಾ, "ನಾನು ಹೋದಮೇಲೆ ಇವರನ್ನೆಲ್ಲ ನೋಡ್ಕೊಳ್ಳೋಳು ನೀನೇ" ಅಂದುಬಿಟ್ಟಿದ್ದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಸುಮ್ಮನೆ ನಕ್ಕಿದ್ದೆ.

ಹಸಿರಿನಲ್ಲಿ ಎರಡು ಬಗೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಎಲೆಯ ಹಾಗೆ ಗಟ್ಟಿಯಾಗಿ ಹೊಳೆಯುವುದು ವಯಸ್ಸಿನ ಹಸಿರು. ಅದು ನಾಣ್ಯವನ್ನು ಕಾಯುತ್ತದೆ. ತಿಳಿಯಾಗಿ, ಪುಡಿಪುಡಿಯಾಗಿ ಉಬ್ಬುವುದು ರೋಗ. ಅದು ಒಳಗಿನಿಂದ ತಿನ್ನುತ್ತದೆ. ಅತ್ತೆ ಅದನ್ನು ಕಜ್ಜಿ ಅನ್ನುತ್ತಿದ್ದರು. "ಉಪ್ಪು ಮತ್ತು ತೇವ ಸಿಕ್ಕರೆ ಸಾಕು, ಕಜ್ಜಿ ಎದ್ದುಬಿಡುತ್ತೆ. ಬಿಟ್ಟರೆ ಮುಖಾನೇ ಉಳಿಯಲ್ಲ."

ಉಪ್ಪು, ತೇವ. ಆ ಮಾತು ಕೇಳಿದಾಗಲೇ ನಾನು ಹೇಳಬೇಕಿತ್ತು.

ನನ್ನ ಅಂಗೈ ಬೆವರುತ್ತದೆ. ಸೆಕೆಗಲ್ಲ, ಅಂಜಿಕೆಗೆ. ಶಾಲೆಯಲ್ಲಿ ಉತ್ತರಪತ್ರಿಕೆ ಒದ್ದೆಯಾಗದಿರಲಿ ಎಂದು ಕೈಯಡಿಯಲ್ಲಿ ಕರವಸ್ತ್ರ ಹಾಸಿಕೊಂಡು ಬರೆದವಳು ನಾನು. ಯಾರಾದರೂ ಕೈ ಕುಲುಕಲು ಬಂದರೆ ಕೈಯಲ್ಲಿ ಏನಾದರೂ ಹಿಡಿದುಕೊಳ್ಳುತ್ತೇನೆ. ಅತ್ತೆಯ ಪದ್ಧತಿಯೋ ಬರಿಗೈಯದು. "ಕೈಗವಸು ಹಾಕ್ಕೊಂಡ್ರೆ ಜಾರುತ್ತೆ. ಸೋಪು ಹಾಕಿ ತೊಳ್ಕೊ, ಒರೆಸ್ಕೊ, ಅಂಚು ಹಿಡಿ, ಅಷ್ಟೇ. ಅಂಚು ಬಿಟ್ಟು ಮುಖ ಮುಟ್ಟಿದ್ಯೋ, ಬೆರಳು ಕತ್ತರಿಸ್ತೀನಿ." ನಾನು ಮುಖ ಮುಟ್ಟಲಿಲ್ಲ. ತೊಳೆದೆ, ಒರೆಸಿದೆ, ಅಂಚನ್ನೇ ಹಿಡಿದೆ. ಬೀಳಿಸುತ್ತೇನೇನೋ ಎಂಬ ಅಂಜಿಕೆಯಲ್ಲಿ ಬಿಗಿಯಾಗಿ ಹಿಡಿದೆ.

ಮಂಗಳವಾರ ಅತ್ತೆ ಔಷಧಿ ಅಂಗಡಿಗೆ ಹೋದಾಗ ಹನ್ನೆರಡೂ ಖಾನೆಗಳನ್ನು ತೆರೆದು ನೋಡಿದೆ. ಸಬೀನಾ ಒಬ್ಬಳೇ ಅಲ್ಲ, ಹನ್ನೊಂದು ಮಂದಿ. ಎಲ್ಲರೂ ನಾನು ಈಚಿನ ಆರು ವಾರಗಳಲ್ಲಿ ಹೊರತೆಗೆದವರು. ನನ್ನನ್ನು ಹೆದರಿಸಿದ್ದು ಎಣಿಕೆಯಲ್ಲ. ಪ್ರತಿಯೊಂದರಲ್ಲೂ ಹಸಿರು ಎರಡೇ ಕಡೆ ಇತ್ತು, ಎದುರುಬದುರು ಅಂಚಿನಲ್ಲಿ. ಒಂದು ಕಡೆ ಹೆಬ್ಬೆರಳಿನ ಅಗಲ, ಇನ್ನೊಂದು ಕಡೆ ತೋರುಬೆರಳಿನ ಅಗಲ. ನನ್ನ ಹೆಸರು ಬರೆದು ಸಹಿ ಹಾಕಿದ ಹಾಗಿತ್ತು.

ಕುರ್ಚಿಯ ಮೇಲೆ ಕೂತು ಕೈಗಳನ್ನು ನೋಡಿಕೊಂಡೆ. ಆಗಲೂ ಬೆವರುತ್ತಿದ್ದವು.

ಅತ್ತೆಯ ಒಂದು ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತು. ದೂರದ್ದು ಕಾಣುತ್ತಿತ್ತು, ಹತ್ತಿರದ್ದು ಮಾತ್ರ ಮಬ್ಬು. ಓದುವ ಕನ್ನಡಕ ಶುಕ್ರವಾರ ಬರಬೇಕಿತ್ತು. ಶುಕ್ರವಾರದವರೆಗೆ ನಾಣ್ಯ ಅವರಿಗೆ ಬರೀ ಕಂದು ಬಣ್ಣದ ಚುಕ್ಕೆ. ಅಂದರೆ ನನಗೆ ಮೂರು ದಿನ. ಆ ಮೂರು ದಿನದಲ್ಲಿ ಹಸಿರು ಎಷ್ಟು ಒಳಕ್ಕೆ ಹೋಗುತ್ತದೆ ಎಂದೂ ಗೊತ್ತಿತ್ತು. ಹೇಳಿದರೆ ನನ್ನನ್ನು ಕಳಿಸಿಬಿಡುತ್ತಾರೆ; ಹೇಳದಿದ್ದರೆ ರಾಣಿಯರು ಪುಡಿಯಾಗುತ್ತಾರೆ. ಎರಡರ ನಡುವೆ ನಾನು ಮಾಡಿದ್ದೆಂದರೆ, ಚಪ್ಪಲಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಹುಡುಕಿ ತಂದು ಖಾನೆಗಳಲ್ಲಿ ತುರುಕಿದ್ದು. ಡೈರಿಯಲ್ಲಿ ಕೂಡ ಬರೆಯಲು ಧೈರ್ಯ ಬರಲಿಲ್ಲ. ಆ ದಿನದ ಪುಟದಲ್ಲಿ "ತಲೆನೋವು" ಎಂದಷ್ಟೇ ಇದೆ.

ಬುಧವಾರ ಎಂದಿನಂತೆ ಪಟ್ಟಿ ಓದುವ ಹೊತ್ತು. ನಾನು ಓದಬೇಕು, ಅತ್ತೆ ಕಣ್ಣು ಮುಚ್ಚಿಕೊಂಡು ತಿದ್ದಬೇಕು.

"ಯಾರಿವತ್ತು?"

"ಸಬೀನಾ."

"ನನ್ನ ಸಬೀನಾ! ತಲೆ ಹೇಗೆ ಬಾಚಿದ್ದಾಳೆ?"

"ಮುಂದೆ ಕಿರೀಟ, ಹಿಂದೆ ಉದ್ದ ಜಡೆ ಇಳಿಬಿಟ್ಟಿದ್ದಾಳೆ."

"ಹಿಂದುಗಡೆ?"

"ಪುಡಿಕಿಟಿಯಾ. ಲಜ್ಜೆಯ ದೇವತೆ. ಸೆರಗನ್ನ ಮುಖದ ಮುಂದಕ್ಕೆ ಎಳ್ಕೊಳ್ತಿದ್ದಾಳೆ."

"ನಿನ್ನ ಕುಲದೇವತೆ," ಎಂದು ಅತ್ತೆ ನಕ್ಕರು. "ಅಕ್ಷರ ಎಲ್ಲ ಸ್ಪಷ್ಟ ತಾನೇ? ಅಂಚು?"

ಮೂರು ವಾರದ ಹಿಂದೆ ತೆಗೆದ ಫೋಟೋ ನನ್ನ ಮುಂದಿತ್ತು. ಅದನ್ನೇ ನೋಡುತ್ತಾ, "ಚೆನ್ನಾಗಿದೆ ಅತ್ತೆ," ಅಂದೆ.

ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ ಎಂದೇ ಹೆದರಿಕೆಯಾಯಿತು. ನಿಜ ಹೇಳುವಾಗ ತೊದಲುವ ನಾಲಿಗೆ ಈಗ ಎಡವಲೂ ಇಲ್ಲ.

ಗುರುವಾರ ಮಧ್ಯಾಹ್ನ ಅತ್ತೆ ನನ್ನ ಮೇಜಿನ ಬಳಿ ಬಂದು ಕೂತರು. "ನಾಳೆಯವರೆಗೂ ಕಾಯೋಕಾಗಲ್ಲಮ್ಮ. ನೋಡೋಕಾಗದಿದ್ರೆ ಏನಂತೆ, ಹಿಡ್ಕೋತೀನಿ. ಕೊಡು ಅವಳನ್ನ."

"ಯಾರನ್ನ?"

"ಇನ್ಯಾರನ್ನ? ನಿನ್ನೆ ಯಾರ ಬಗ್ಗೆ ಓದಿದ್ದು?"

ಸಬೀನಾಳನ್ನು ಕೊಟ್ಟರೆ ಪುಡಿ ಬೆರಳಿಗೆ ಹತ್ತುತ್ತದೆ. ಖಾನೆ ಎಳೆದೆ. ಪಕ್ಕದ ಗುಳಿಯಲ್ಲಿ ಫೌಸ್ತೀನಾ ಎಂಬ ಇನ್ನೊಬ್ಬ ರಾಣಿ ಇದ್ದಳು; ಅದೇ ಗಾತ್ರ, ಹೆಚ್ಚುಕಡಿಮೆ ಅದೇ ತೂಕ, ಒಂದು ಚುಕ್ಕೆಯೂ ಹಸಿರಿಲ್ಲ. ಅವಳನ್ನೆತ್ತಿ ಅತ್ತೆಯ ಅಂಗೈಯಲ್ಲಿಟ್ಟೆ.

ಅತ್ತೆ ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗಾಡಿಯ ಚಕ್ರ ತಿರುಗಿಸುವ ಹಾಗೆ ನಿಧಾನವಾಗಿ ಅಂಚನ್ನು ತಿರುಗಿಸಿದರು. ಒಂದು ಸುತ್ತು. ಮತ್ತೊಂದು ಸುತ್ತು. ಅವರ ಮುಖದ ನಗು ಹೋಯಿತು.

"ಸೀಳು ಎಲ್ಲಿ?"

ಆಗ ನೆನಪಾಯಿತು. ಅಂದು ಟಂಕಿಸುವಾಗ ಅಚ್ಚಿನ ಏಟಿಗೆ ಬಿರಿದು ಸಬೀನಾಳ ಅಂಚಿನಲ್ಲಿ ಸಣ್ಣ ಸೀಳಿತ್ತು. ನಾಣ್ಯವನ್ನು ಗಡಿಯಾರವೆಂದುಕೊಂಡು ಜಾಗ ಗುರುತಿಸುವುದು ನಮ್ಮ ಪದ್ಧತಿ. "ಐದು ಗಂಟೆಯ ಬಳಿ ಸೀಳು" ಎಂದು ಪಟ್ಟಿಯಲ್ಲಿ ಬರೆದವಳು ನಾನೇ.

"ಇವಳು ಸಬೀನಾ ಅಲ್ಲ," ಅಂದರು ಅತ್ತೆ. "ತಪ್ಪಿ ಎತ್ತಿದ್ಯಾ?"

ಹೌದು ಅಂದುಬಿಡಬಹುದಿತ್ತು. ಅವರೇ ದಾರಿ ಬಿಟ್ಟುಕೊಟ್ಟಿದ್ದರು. ಬಾಯಿ ತೆರೆದೆ. ಕೊನೆಗೆ ಬಂದದ್ದು, "ಇಲ್ಲ ಅತ್ತೆ. ಬೇಕಂತಲೇ ಕೊಟ್ಟೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಬೆವರು, ಹನ್ನೊಂದು ನಾಣ್ಯ, ಎರಡೆರಡು ಚುಕ್ಕೆ. ಎಷ್ಟು ಸಣ್ಣ ದನಿಯಲ್ಲಿ ಹೇಳಿದೆನೆಂದರೆ ಅತ್ತೆ ಎರಡು ಸಲ "ಏನಂದೆ?" ಎಂದು ಕೇಳಬೇಕಾಯಿತು, ಎರಡು ಸಲವೂ ಮೊದಲಿಂದ ಹೇಳಬೇಕಾಯಿತು.

"ಸೋಮವಾರ ನೋಡಿದ್ದು?"

"ಹೂಂ."

"ಇವತ್ತು ಗುರುವಾರ."

"ಹೂಂ."

"ಕೈ ಬೆವರೋದು ನಿನ್ನ ತಪ್ಪೇನಲ್ಲ. ಮಣ್ಣಲ್ಲಿದ್ದಾಗಲೇ ಒಳಗೆ ಸೇರಿದ ಉಪ್ಪೂ ಇರುತ್ತೆ, ನಿನ್ನ ಬೆವರು ಅದನ್ನ ಎಬ್ಬಿಸಿರಬಹುದು." ಅವರು ಫೌಸ್ತೀನಾಳನ್ನು ಮೇಜಿನ ಮೇಲಿಟ್ಟರು. "ಆದ್ರೆ ಅತ್ತೆಗೆ ಕಣ್ಣು ಕಾಣಲ್ಲ, ಏನು ಕೊಟ್ರೂ ನಡೆಯುತ್ತೆ ಅಂದ್ಕೊಂಡ್ಯಲ್ಲ. ಅದನ್ನ ಎಲ್ಲಿ ಕಲಿತೆ?"

ಚೀಲ ತೆಗೆದುಕೊಂಡು ಎದ್ದೆ.

"ಎಲ್ಲಿಗೆ?"

"ಮನೆಗೆ."

"ಹನ್ನೊಂದು ಜನಕ್ಕೆ ಕಜ್ಜಿ ಹತ್ತಿಸಿ ಮನೆಗೆ ಹೊರಟ್ಲು ನೋಡು ಮಹಾರಾಣಿ! ಕೂತ್ಕೊ. ಸೂಜಿ ತಗೊ. ಭೂತಗನ್ನಡಿ, ಗಾಜಿನ ತಟ್ಟೆ, ಬ್ಯಾಟರಿಗೆ ಹಾಕೋ ನೀರಿನ ಬಾಟ್ಲಿ ಎಲ್ಲ ತಾ. ಮೊದಲು ಪುಡಿ ಕೆರೆದು ತೆಗೀಬೇಕು, ಆಮೇಲೆ ಆ ಉಪ್ಪಿಲ್ಲದ ನೀರಲ್ಲಿ ನೆನೆಹಾಕೋದು."

"ನಾಳೆ ಕನ್ನಡಕ ಬಂದಮೇಲೆ ನೀವೇ ಮಾಡಿ, ಅತ್ತೆ. ನನ್ನ ಕೈಲಿ ಆಗಲ್ಲ."

"ಕನ್ನಡಕ ಬರುತ್ತೆ, ಬೆರಳು ಎಲ್ಲಿಂದ ತರ್ಲಿ?" ಎಂದು ಬಲಗೈ ಚಾಚಿದರು. ತುದಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. ನಾಲ್ಕು ತಿಂಗಳಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. "ಮೇಜಿಗೆ ಊರಿದ್ರೆ ನಿಲ್ಲುತ್ತೆ. ನಾನು ಹಿಡ್ಕೋತೀನಿ, ನೀನು ಕೆರಿ. ಕೈ ಒರೆಸ್ಕೊ."

ಒರೆಸಿಕೊಂಡೆ. ಮತ್ತೆ ಒರೆಸಿಕೊಂಡೆ. ಸಬೀನಾಳಿಂದಲೇ ಶುರು ಮಾಡಿದೆವು, ಅವಳದೇ ಹೆಚ್ಚಾಗಿತ್ತು. ಅತ್ತೆ ಮೊಣಕೈಗಳನ್ನು ಮೇಜಿಗೆ ಒತ್ತಿ, ಗಾಜಿನ ತಟ್ಟೆಯ ಮೇಲೆ ನಾಣ್ಯವನ್ನು ಎರಡೂ ಕೈಯ ಬೆರಳುಗಳಿಂದ ಬಿಗಿಹಿಡಿದರು. ಭೂತಗನ್ನಡಿಯಲ್ಲಿ ಸೂಜಿ ಕಂಬದಷ್ಟು ದಪ್ಪ ಕಂಡಿತು. ದೇವತೆಯ ಸೆರಗು, ಅದರ ಮಡಿಕೆಗಳು, ಪಕ್ಕದಲ್ಲಿ ಅವಳ ಹೆಸರಿನ ಅಕ್ಷರಗಳು, ಅಕ್ಷರಗಳ ಬುಡದಲ್ಲಿ ಹಸಿರು. ಸೂಜಿ ಒಂದು ಕೂದಲೆಳೆ ಜಾರಿದರೆ ಮುಖದ ಮೇಲೆ ಗೀರು.

"ಉಸಿರು ಬಿಡು ಮಾರಾಯ್ತಿ," ಅಂದರು ಅತ್ತೆ. "ನೀನು ಸತ್ತರೆ ನಿಮ್ಮಮ್ಮನಿಗೆ ನಾನು ಉತ್ತರ ಹೇಳ್ಬೇಕು."

ಕೆರೆದೆ. ಪುಡಿ ಬಂತು. ಇನ್ನೂ ಕೆರೆದೆ, ಇನ್ನೂ ಬಂತು. ಸಣ್ಣ ಚುಕ್ಕೆ ಎಂದುಕೊಂಡದ್ದು ಒಳಗೆ ಗುಹೆಯ ಹಾಗೆ ಅಗಲವಾಗಿತ್ತು. ಮೇಲೆ ಕಾಣುತ್ತಿದ್ದ ಕಂಚು ಬರೀ ಸಿಪ್ಪೆ. ಇದು ಸೋಮವಾರ ಎಷ್ಟಿತ್ತೋ ಎಂಬ ಯೋಚನೆ ಬಂತು. ಸೂಜಿಯ ತುದಿ ಏನನ್ನೋ ಮೀಟಿತು.

ಟಿಕ್.

ಗಾಜಿನ ಮೇಲೆ ಅಕ್ಕಿನುಚ್ಚಿನಷ್ಟು ಚೂರು ಬಿದ್ದಿತ್ತು.

"ಏನದು ಬಿದ್ದದ್ದು?" ಅತ್ತೆ ತಲೆ ಎತ್ತಿದರು. ಅವರ ಕಣ್ಣು ನನ್ನ ಮುಖದ ಮೇಲಿತ್ತು. ಅಷ್ಟು ದೂರದ್ದು ಅವರಿಗೆ ಎಷ್ಟು ಕಾಣುತ್ತಿತ್ತೋ ತಿಳಿಯದು.

ಪುಡಿ ಎನ್ನಬಹುದಿತ್ತು.

"ಅಂಚು, ಅತ್ತೆ. ದೇವತೆಯ ಹೆಸರಿನ ಮೊದಲ ಎರಡಕ್ಷರ ಹೋಯ್ತು. ನನ್ನ ಸೂಜಿ ತಾಗಿ."

ಅವರ ಬೆರಳುಗಳು ಅದುರಿದವು, ನಾಣ್ಯ ಗಾಜಿನ ಮೇಲೆ ಕಟಕಟನೆ ಸದ್ದು ಮಾಡಿತು. ಈಗ ಬಿಟ್ಟುಬಿಡುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದೆ. ಅವರು ಇನ್ನೂ ಬಿಗಿಯಾಗಿ ಹಿಡಿದರು. ಉಗುರುಗಳು ಬೆಳ್ಳಗಾದವು.

"ಬಿದ್ದ ಜಾಗದಲ್ಲಿ ಏನು ಕಾಣುತ್ತೆ?"

ಬಗ್ಗಿ ನೋಡಿದೆ. "ಹಸಿರು."

"ಎಷ್ಟು ಆಳ?"

"ಗೊತ್ತಾಗ್ತಿಲ್ಲ ಅತ್ತೆ. ತಳ ಕಾಣ್ತಿಲ್ಲ."

"ಹಾಗಾದ್ರೆ ಇನ್ನೂ ಕೆರಿ," ಅಂದರು. "ಏನು ಹೋದ್ರೂ ಹೋದಹಾಗೇ ಹೇಳ್ತಾ ಹೋಗು. ನಾನು ಕೇಳಿಸ್ಕೋತಿದ್ದೀನಿ."

ಕೈ ಒರೆಸಿಕೊಂಡು ಸೂಜಿಯನ್ನು ಮೂರನೆಯ ಅಕ್ಷರದ ಬುಡಕ್ಕೆ ತಂದೆ.